ಅಳಿಯನಿಗೆ ಅಸಿಡಿಟಿ

ನಿನ್ನೆ ನಾನು ಎಲ್ಲರಿಗಿಂತ ಅರ್ಧ ಸೆಕೆಂಡು ಜಾಸ್ತಿ ನಕ್ಕೆನಾ? ಯಾರಾದರೂ ನೋಡಿರಬಹುದಾ?

ಇಷ್ಟನ್ನು ಡೈರಿಯಲ್ಲಿ ಬರೆದು, ಪೆನ್ನಿಗೆ ಮುಚ್ಚಳ ಹಾಕಿ, ಮತ್ತೆ ಮುಚ್ಚಳ ತೆಗೆದು 'ಅರ್ಧ' ಎಂಬುದನ್ನು ಹೊಡೆದು 'ಮುಕ್ಕಾಲು' ಎಂದು ತಿದ್ದಿದ ಮೇಲೆ ಪ್ರಿಯಂವದಾಳಿಗೆ ಸ್ವಲ್ಪ ಸಮಾಧಾನವಾಯಿತು. ನೆರೂಳದಿಂದ ಮಹಾಪೆಗೆ ಹೋಗುವ ಬಸ್ಸಿನಲ್ಲಿ, ಎಡಗಡೆಯ ಕಿಟಕಿಯ ಪಕ್ಕ ಕೂತು ಡೈರಿ ಬರೆಯುವುದು ಅವಳ ರೂಢಿ. ಬರೆಯುವುದು ಕನ್ನಡದಲ್ಲೇ. ಭಾಷೆಯ ಮೇಲೆ ಪ್ರೀತಿ ಇಲ್ಲವೆಂದಲ್ಲ. ಆದರೆ ಬಸ್ಸಿನಲ್ಲಿ ಹೆಗಲಿನ ಮೇಲಿಂದ ಇಣುಕುವವರಿಗೂ, ಮನೆಯಲ್ಲಿ ಕಂಡದ್ದನ್ನೆಲ್ಲ ಬಿಚ್ಚಿ ನೋಡುವ ತಮ್ಮ ಕೌಶಲ್‌ಗೂ ಓದಲು ಬಾರದ ಲಿಪಿ ಅದೊಂದೇ. ನವಿ ಮುಂಬಯಿಯಲ್ಲಿ ಅಷ್ಟು ಗಟ್ಟಿಯಾದ ಬೀಗ ಬೇರೆಲ್ಲೂ ಸಿಗುವುದಿಲ್ಲ.

ನಗುವಿನ ಕಥೆ ಇಷ್ಟು. ನೆರೂಳದ ಸುತ್ತಮುತ್ತ ನೆಲೆಸಿದ ಉಡುಪಿ, ಮಂಗಳೂರು ಕಡೆಯ ಮೂವತ್ತು ನಲವತ್ತು ಮನೆಯವರು ಸೇರಿ 'ಕಡಲತೀರ ಕಲಾವೃಂದ' ಎಂಬ ಪುಟ್ಟ ಸಂಘ ಕಟ್ಟಿಕೊಂಡಿದ್ದರು. ವರ್ಷಕ್ಕೊಂದು ವಾರ್ಷಿಕೋತ್ಸವ, ಅದಕ್ಕೊಂದು ನಗೆನಾಟಕ. ನಾಟಕ ಬರೆಯುವುದು, ಆಡಿಸುವುದು, ಮುಗಿದ ಮೇಲೆ ಊಟಕ್ಕೆ ಬಡಿಸುವುದು ಎಲ್ಲವೂ ದೇವದಾಸಣ್ಣನೇ. ಮಹಾಪೆಯ ಕಂಪೆನಿಗಳಿಗೆ ಕ್ಯಾಂಟೀನು ನಡೆಸುವ ಮನುಷ್ಯ. ಪ್ರಿಯಂವದಾ ಕೆಲಸ ಮಾಡುವ ಕಂಪೆನಿಯ ಇಡ್ಲಿ ಸಾಂಬಾರೂ ಅವನ ಕೈಯದ್ದೇ. ಈ ವರ್ಷದ ನಾಟಕಕ್ಕೆ ಅವನು ಇಟ್ಟ ಹೆಸರು 'ಅಳಿಯನಿಗೆ ಆಟಿಸಂ'. ಹೆಂಡತಿಯ ಕಡೆಯವರ ಮದುವೆ, ಮುಂಜಿ, ಸೀಮಂತಗಳಿಗೆ ಹೋಗಿ ಹೋಗಿ ಸುಸ್ತಾದ ಒಬ್ಬ ಅಳಿಯ ತನಗೆ ಆಟಿಸಂ ಬಂದಿದೆಯೆಂದು ಸುಳ್ಳು ಹೇಳಿ ಮನೆಯಲ್ಲೇ ಉಳಿದುಬಿಡುತ್ತಾನೆ. ಅತ್ತೆ ನಂಬುತ್ತಾಳೆ, ಊರೆಲ್ಲ ನಗುತ್ತದೆ.

ಮೊದಲ ಓದಿನ ದಿನ ದೇವದಾಸಣ್ಣ ಒಂದೊಂದು ಜೋಕು ಓದಿದಾಗಲೂ ಎಲ್ಲರೂ ತೊಡೆ ತಟ್ಟಿಕೊಂಡು ನಕ್ಕರು. ಪ್ರಿಯಂವದಾ ಕೂಡ ನಕ್ಕಳು. ಹಾಗೆ ನಗಬೇಕಾದಲ್ಲೆಲ್ಲ ಮೂರು ಎಣಿಸಿ ನಿಲ್ಲಿಸುವುದು ಅವಳು ಕಾಲೇಜಿನಿಂದ ಅಭ್ಯಾಸ ಮಾಡಿಕೊಂಡು ಬಂದ ಲೆಕ್ಕ. ಅವತ್ತು ಗಾಬರಿಯಲ್ಲಿ ನಾಲ್ಕಕ್ಕೆ ಹೋಗಿಬಿಟ್ಟಿತ್ತು.

ಗಾಬರಿಗೆ ಕಾರಣವಿತ್ತು. ಏಳು ತಿಂಗಳ ಹಿಂದೆ ವಾಶಿಯ ಡಾಕ್ಟರೊಬ್ಬರು ನಾಲ್ಕು ಸಲ ಕರೆಸಿ ಮಾತಾಡಿಸಿ, ಹನ್ನೊಂದು ಪುಟದ ರಿಪೋರ್ಟು ಬರೆದು, ಅವಳಿಗೆ ಆಟಿಸಂ ಇದೆಯೆಂದು ಹೇಳಿದ್ದರು. ಇಪ್ಪತ್ಮೂರು ವರ್ಷ ಗರಗರ ಅನ್ನುತ್ತಿದ್ದ ಮಿಕ್ಸರಿಗೆ ಕೊನೆಗೂ ಅದರ ಜತೆ ಬಂದಿದ್ದ ಪುಸ್ತಕ ಸಿಕ್ಕಂತೆ ಅವಳಿಗೆ ಅನ್ನಿಸಿತ್ತು. ಕಲ್ಯಾಣದ ಅಂಗಡಿಯಿಂದ ಬಂದ ಅಪ್ಪ, ಕುಡಿಯಲು ಟಾನಿಕ್ ಏನಾದರೂ ಬರೆದುಕೊಟ್ಟರಾ ಎಂದು ಕೇಳಿ, ಇಲ್ಲವೆಂದಾಗ ಡಾಕ್ಟರ ಮೇಲೇ ಬೇಸರಪಟ್ಟರು. ಅಮ್ಮ ಜಯಲತಾ ಮಾತ್ರ ಹನ್ನೊಂದೂ ಪುಟವನ್ನು ಕನ್ನಡಕ ಹಾಕಿಕೊಂಡು ಓದಿ, ಕಪಾಟಿನಲ್ಲಿ ರೇಷ್ಮೆ ಸೀರೆಗಳ ಅಡಿಗೆ ಇಟ್ಟು, ಇದು ಹೊರಗೆ ಹೋಗುವುದು ಬೇಡ ಎಂದಳು.

ಅಂದರೆ ನಾಟಕದ ಅಳಿಯ ಇಲ್ಲದ ಆಟಿಸಂ ತೋರಿಸಿ ಎಲ್ಲ ಸೀಮಂತಗಳಿಂದ ಪಾರಾಗಿದ್ದ. ಇಲ್ಲಿ ನಿಜವಾದದ್ದನ್ನು ಕಪಾಟಿನಲ್ಲಿ ಇಟ್ಟುಕೊಂಡ ಪ್ರಿಯಂವದಾ ಕಳೆದ ತಿಂಗಳೊಂದರಲ್ಲೇ ಮೂರು ಸೀಮಂತಕ್ಕೆ ಹೋಗಿ, ಮೂರರಲ್ಲೂ ಧ್ವನಿವರ್ಧಕದ ಪಕ್ಕದಲ್ಲೇ ಕೂತು ಬಂದಿದ್ದಳು. ಅಳಿಯನ ಮೇಲೆ ಅವಳಿಗೆ ಸಿಟ್ಟಿಗಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು.

ದೇವದಾಸಣ್ಣ ಕೆಟ್ಟವನಲ್ಲ. ಆ ಶಬ್ದ ಅವನಿಗೆ ಸಿಕ್ಕಿದ್ದೇ ಕ್ಯಾಂಟೀನಿನ ಕೌಂಟರಿನಲ್ಲಿ. ಪ್ರಿಯಂವದಾಳ ಟೀಮ್ ಲೀಡ್ ಯತಿನ್‌ಗೆ ಇಡ್ಲಿಯೂ ಸಾಂಬಾರೂ ಒಂದನ್ನೊಂದು ಮುಟ್ಟಬಾರದು. ದಿನಾ ಎರಡು ಪ್ಲೇಟು ಕೇಳಿ, ಈ ವಿಷಯದಲ್ಲಿ ತಾನು ಬಹಳ ಆಟಿಸ್ಟಿಕ್ ಎಂದು ನಗುತ್ತಿದ್ದ. ಪಕ್ಕದ ಟೇಬಲಿನ ಅನುಷ್ಕಾ ಮೀಟಿಂಗಿನಲ್ಲಿ ಬಾಯಿ ಬಿಡದವರಿಗೆಲ್ಲ ಅದೇ ಬಿರುದು ಹಂಚುತ್ತಿದ್ದಳು. ಇಷ್ಟು ಓದಿದವರೇ ಹೀಗೆ ನಗುವುದಾದರೆ ಇದು ಹೊಸ ಫ್ಯಾಶನ್ನಿನ ಜೋಕಾಗಿರಬೇಕೆಂದು ದೇವದಾಸಣ್ಣ ಅದನ್ನು ಬಿಲ್ಲಿನ ಬೆನ್ನ ಮೇಲೆ ಬರೆದಿಟ್ಟುಕೊಂಡ. ಒಮ್ಮೆ ಪ್ರಿಯಂವದಾ ಧೈರ್ಯ ಮಾಡಿ ಅನುಷ್ಕಾಳಿಗೆ ತನ್ನ ವಿಷಯ ಹೇಳಲು ಹೊರಟಿದ್ದೂ ಉಂಟು. 'ಆಟಿ' ಅನ್ನುವಷ್ಟರಲ್ಲೇ ಅನುಷ್ಕಾ ಅವಳ ಬೆನ್ನು ತಟ್ಟಿ, ಛೇ, ನೀನು ನೋಡಲು ಹಾಗೆ ಕಾಣುವುದೇ ಇಲ್ಲ, ಹಾಗೆ ನೋಡಿದರೆ ನಾವೆಲ್ಲ ಸ್ವಲ್ಪ ಸ್ವಲ್ಪ ಅದೇ ಎಂದು ಹಿಂದಿಯಲ್ಲಿ ಸಮಾಧಾನ ಹೇಳಿ, ಅವಳ ಚಿಪ್ಸಿನಲ್ಲಿ ಅರ್ಧ ತಿಂದು ಹೋಗಿದ್ದಳು. ನೋಡಲು ಹೇಗೆ ಕಾಣಬೇಕಿತ್ತು ಎಂಬ ಪ್ರಶ್ನೆಗೆ ಡೈರಿಯಲ್ಲಿ ಎರಡು ಪುಟ ಹಿಡಿಯಿತು.

ಇನ್ನು ಕಲಾವೃಂದದಲ್ಲಿ ಅವಳ ಕೆಲಸ. ಅವಳು ವೇದಿಕೆಗೆ ಬರುವವಳಲ್ಲ. ಪಕ್ಕದ ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತು ಮಾತು ಹೇಳಿಕೊಡುವವಳು, ಪ್ರಾಂಪ್ಟರು. ಬೇರೆ ಕಡೆ ಪ್ರಾಂಪ್ಟರೆಂದರೆ ಮರೆತಾಗ ನೆನಪಿಸುವವರು. ಇಲ್ಲಿ ಮರೆಯಲು ಯಾರೂ ಏನನ್ನೂ ಕಲಿತಿರುವುದಿಲ್ಲ. ಹೋಟೆಲು, ಆಫೀಸು, ಹಾರ್ಬರ್ ಲೈನ್ ಲೋಕಲ್ ರೈಲಿನ ನೂಕುನುಗ್ಗಲು ಮುಗಿಸಿ ಬರುವವರಿಗೆ ಬಾಯಿಪಾಠ ಎಲ್ಲಿಂದ ಬರಬೇಕು. ಅಳಿಯನ ಪಾತ್ರ ಮಾಡುವ ಲತೀಶನಂತೂ ನೆರೂಳದಲ್ಲೇ ಹುಟ್ಟಿ ಬೆಳೆದವನು; ಇನ್ಶೂರೆನ್ಸ್ ಮಾರುವ ಅವನಿಗೆ ಹಿಂದಿ, ಮರಾಠಿ ನೀರು ಕುಡಿದಷ್ಟು ಸಲೀಸು, ಕನ್ನಡ ಮಾತು ಅರ್ಧಂಬರ್ಧ, ಕನ್ನಡ ಅಕ್ಷರ ಮಾತ್ರ ಒಂದೂ ಗೊತ್ತಿಲ್ಲ. ಪರದೆಯ ಹಿಂದಿನಿಂದ ಬಂದದ್ದನ್ನೆಲ್ಲ ಅವನು ಕೈ ಬೀಸಿ, ಎದೆ ಉಬ್ಬಿಸಿ, ಭಾವಪೂರ್ಣವಾಗಿ ಹೇಳಿಬಿಡುತ್ತಾನೆ. ಹೋದ ವರ್ಷ ರಾಜನ ಪಾತ್ರದಲ್ಲಿದ್ದಾಗ ಪ್ರಿಯಂವದಾ ಅವನ ಮಾನ ಉಳಿಸಲೆಂದು ನಿಮ್ಮ ಪ್ಯಾಂಟಿನ ಜಿಪ್ಪು ಎಂದು ಪಿಸುಗುಟ್ಟಿದ್ದಳು. ಅವನು ಮಂತ್ರಿಯ ಕಡೆಗೆ ತಿರುಗಿ, ಕತ್ತಿಯನ್ನು ಒರೆಯಿಂದ ಹಿರಿದು, ನಿಮ್ಮ ಪ್ಯಾಂಟಿನ ಜಿಪ್ಪು ಎಂದು ಗರ್ಜಿಸಿದ. ಪಂಚೆ ಉಟ್ಟಿದ್ದ ಮಂತ್ರಿ ಮುಂದಿನ ಎರಡು ದೃಶ್ಯ ಕೆಳಗೆ ನೋಡಿಕೊಂಡೇ ಕಳೆದ.

ಪ್ರಿಯಂವದಾಳ ಸಂಕಟದ ಬುಡ ಇರುವುದು ಇಲ್ಲೇ. ನಾಟಕದಲ್ಲಿ ಆಟಿಸಂ ಮೇಲಿನ ಜೋಕು ಎಷ್ಟಿವೆಯೋ ಅಷ್ಟನ್ನೂ ಮೊದಲು ಅವಳೇ ಹೇಳಬೇಕು, ತನ್ನದೇ ದನಿಯಲ್ಲಿ. ಆಮೇಲೆ ಲತೀಶ ಹೇಳುತ್ತಾನೆ, ನೂರೈವತ್ತು ಜನ ನಗುತ್ತಾರೆ. ಬಿಟ್ಟುಹೋಗೋಣವೆಂದರೆ ಕಾರಣ ಕೊಡಬೇಕು. ಕಾರಣ ಸೀರೆಗಳ ಅಡಿಯಲ್ಲಿತ್ತು.

ಮಾತಾಡಿ ಗೊತ್ತಿಲ್ಲದವಳು ಟೈಪು ಮಾಡಿದಳು. ಬಿಲ್ಲುಗಳ ಬೆನ್ನ ಮೇಲಿದ್ದ ನಾಟಕವನ್ನು ನೀಟಾಗಿ ಟೈಪು ಮಾಡಿ ತರುವ ಕೆಲಸ ಹೇಗೂ ಅವಳದೇ. ಒಂದು ಭಾನುವಾರ ಮಧ್ಯಾಹ್ನ ಕೂತು, ಆಟಿಸಂ ಎಂದಿದ್ದ ಕಡೆಯೆಲ್ಲ ಅಸಿಡಿಟಿ ಎಂದು ಬದಲಾಯಿಸಿಬಿಟ್ಟಳು. ಒಟ್ಟು ಮೂವತ್ತೆಂಟು ಕಡೆ.

ಯಾರಿಗೂ ಗೊತ್ತಾಗಲಿಲ್ಲ. ದೇವದಾಸಣ್ಣನ ಅರ್ಧ ಗಮನ ವಾರ್ಷಿಕೋತ್ಸವದ ಊಟದ ಲೆಕ್ಕದಲ್ಲಿತ್ತು. ಸೋಮವಾರ ಲತೀಶ ಅತ್ತೆಯ ಮುಂದೆ ಮಂಡಿಯೂರಿ, ಅತ್ತೇ, ನನಗೆ ಅಸಿಡಿಟಿ, ಆದ್ದರಿಂದ ನಿಮ್ಮ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲಾರೆ ಎಂದು ಕಣ್ಣೀರು ಸುರಿಸಿದ. ಮಂಗಳವಾರ, ಅಸಿಡಿಟಿ ಇರುವ ಮನುಷ್ಯನಿಗೆ ನೆಂಟರ ಮನೆಯ ಗದ್ದಲ ಆಗಿಬರುವುದಿಲ್ಲ ಎಂದು ಡಾಕ್ಟರನ ಪಾತ್ರದವನು ಘಂಟಾಘೋಷವಾಗಿ ಸಾರಿದ. ಪೊಲೀಸನ ಪಾತ್ರ ಜಟ್ಟೆಪ್ಪನದು. ವಿಜಯಪುರದ ಕಡೆಯವನು, ಅಭ್ಯಾಸಕ್ಕೆ ಕೊಟ್ಟಿದ್ದ ಹೌಸಿಂಗ್ ಸೊಸೈಟಿಯ ಸಭಾಂಗಣದ ಉಸ್ತುವಾರಿ ಅವನದೇ. ಆಳು ಕಡಿಮೆ ಬಿದ್ದಾಗ ದೇವದಾಸಣ್ಣ ಅವನಿಗೇ ಲಾಠಿ ಕೊಟ್ಟಿದ್ದ. ಅಳಿಯನ ಕಥೆ ಕೇಳಿ ಜಟ್ಟೆಪ್ಪನ ಕರುಳು ಚುರುಕ್ ಅಂದಿತು. ಬುಧವಾರ ಅಭ್ಯಾಸದ ನಡುವೆಯೇ ಅವನು ಲತೀಶನನ್ನು ಪಕ್ಕಕ್ಕೆ ಕರೆದ.

"ಮುಂಜಾನೆದ್ದು ಖಾಲಿ ಹೊಟ್ಟೀಲೆ ಜೀರಿಗಿ ನೀರ ಕುಡೀರಿ ಸಾಹೇಬ್ರ. ಹೆಂಡ್ತಿ ಮನಿ ಬಿಡೂದೇನ ಬ್ಯಾಡ."

ಪ್ರಿಯಂವದಾ ಮರೆಯಲ್ಲಿ ಕೂತು ಬಾಯಿಗೆ ದುಪಟ್ಟ ತುರುಕಿಕೊಂಡು ನಕ್ಕಳು. ಎಷ್ಟು ಹೊತ್ತು ನಕ್ಕಳೆಂದು ಎಣಿಸಲು ಅವಳಿಗೆ ನೆನಪಾಗಲಿಲ್ಲ.

ಕಂಡುಹಿಡಿದವನು ಕೊನೆಗೆ ದೇವದಾಸಣ್ಣನೇ, ಅದೂ ಗುರುವಾರ. ತನ್ನ ಜೋಕುಗಳಿಗೆ ನಗು ಯಾಕೆ ಬರುತ್ತಿಲ್ಲ, ಎಲ್ಲರೂ ಯಾಕೆ ಎದೆ ಸವರಿಕೊಂಡು ಔಷಧಿಯ ಹೆಸರು ಮಾತಾಡುತ್ತಿದ್ದಾರೆ ಎಂದು ಯೋಚಿಸಿ, ಹಾಳೆ ತೆಗೆದುಕೊಂಡು ನೋಡಿ, ಹಣೆ ಚಚ್ಚಿಕೊಂಡ.

"ಇದೆಂತದು ಮಾರಾಯ್ತಿ? ಅಸಿಡಿಟಿಗೆ ಯಾರು ನಗ್ತಾರೆ? ನಮ್ಮ ಸಭಿಕರಲ್ಲಿ ಅರ್ಧ ಜನಕ್ಕೆ ಅದು ಉಂಟು. ಮಧ್ಯದಲ್ಲೇ ಎದ್ದು ಮಾತ್ರೆ ನುಂಗ್ಲಿಕ್ಕೆ ಹೋಗ್ತಾರೆ."

ಪ್ರಿಯಂವದಾ ಏನನ್ನಾದರೂ ಹೇಳುವ ಮೊದಲೇ ಲತೀಶ, ಅರೇ, ಮೊಬೈಲಿನಲ್ಲಿ ಟೈಪು ಮಾಡಿದರೆ ಹೀಗೇ, ಅದು ತಾನೇ ಬದಲಾಯಿಸಿಕೊಳ್ಳುತ್ತದೆ ಎಂದು ಎಲ್ಲ ತಪ್ಪನ್ನೂ ಫೋನಿನ ತಲೆಗೆ ಕಟ್ಟಿದ. ಅವಳು ಹೂಂ ಅಂದಳು. ಹಾಗೆ ಹೂಂ ಅಂದದ್ದೂ ಅವತ್ತಿನ ಡೈರಿಗೆ ಹೋಯಿತು. ಶನಿವಾರ ಕೊನೆಯ ಅಭ್ಯಾಸ, ಭಾನುವಾರ ಪ್ರದರ್ಶನ. ಮೂವತ್ತೆಂಟು ಕಡೆಯೂ ದೇವದಾಸಣ್ಣ ಕೆಂಪು ಪೆನ್ನಿನಲ್ಲಿ ತಿದ್ದಿ ಕೊಟ್ಟ.

ಅಂದ ಹಾಗೆ, ನಾಟಕದ ಅತ್ತೆಯ ಪಾತ್ರ ಜಯಲತಾಳದು. ಇಡೀ ತಂಡದಲ್ಲಿ ಮಾತನ್ನು ಬಾಯಿಪಾಠ ಮಾಡುವವಳು ಅವಳೊಬ್ಬಳೇ. ಅಡುಗೆ ಮನೆಯಲ್ಲಿ ಕೊತ್ತಂಬರಿ ಬಿಡಿಸುತ್ತ ಹಾಳೆ ಹಾಳೆಯೇ ಒಪ್ಪಿಸುತ್ತಾಳೆ. ಮೂರು ದಿನ ಅಸಿಡಿಟಿಯ ಅಳಿಯನ ಎದುರು ಮುಖದ ಒಂದು ಗೆರೆಯನ್ನೂ ಅಲುಗಿಸದೆ ಅಭಿನಯಿಸಿದ್ದಳು. ಗುರುವಾರ ಮನೆಗೆ ನಡೆದು ಬರುವಾಗ, ಮಗಳ ಕಡೆ ನೋಡದೆ ಕೇಳಿದಳು.

"ಮೊಬೈಲ್ ಅಲ್ಲ, ನೀನೇ ಮಾಡಿದ್ದಲ್ವಾ?"

ಪ್ರಿಯಂವದಾ ಚಪ್ಪಲಿಯ ತುದಿ ನೋಡುತ್ತ ನಡೆದಳು.

ಜಯಲತಾ ದಾರಿಯುದ್ದಕ್ಕೂ ತಗ್ಗಿದ ದನಿಯಲ್ಲಿ ತನ್ನ ಲೆಕ್ಕ ಬಿಡಿಸಿ ಹೇಳಿದಳು. ನಾಟಕ ಒಂದೂವರೆ ಗಂಟೆಯದು, ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಜನ ಮರೆಯುತ್ತಾರೆ. ಆದರೆ ನಿನ್ನ ವಿಷಯ ಒಮ್ಮೆ ಬಾಯಿಯಿಂದ ಬಿತ್ತೆಂದರೆ ಯಾರೂ ಮರೆಯುವುದಿಲ್ಲ, ಬರುವ ನೆಂಟಸ್ತಿಕೆಯೂ ನಿಲ್ಲುತ್ತದೆ. ತಾನು ಈಗ ಪಾತ್ರ ಬಿಟ್ಟರೂ ಹತ್ತು ಜನ ಯಾಕೆಂದು ಕೇಳುತ್ತಾರೆ. ಒಂದೂವರೆ ಗಂಟೆ ಹಲ್ಲು ಕಚ್ಚಿಕೋ. ಇಷ್ಟು ಹೇಳಿ ಅವಳು ಸ್ಟೇಶನ್ನಿನ ಎದುರಿನ ಗಾಡಿಯಲ್ಲಿ ನಿಂತು, ಯಾರೂ ಕೇಳದಿದ್ದರೂ, ಮಗಳಿಗೆ ಇಷ್ಟವೆಂದು ಮೂರು ಕಟ್ಟು ಮೆಂತ್ಯ ಕೊಂಡಳು. ಅಮ್ಮನ ಲೆಕ್ಕದಲ್ಲಿ ತಪ್ಪು ಎಲ್ಲಿದೆಯೆಂದು ಪ್ರಿಯಂವದಾಳಿಗೆ ಹೇಳಲಾಗಲಿಲ್ಲ. ಆದರೆ ಹಲ್ಲು ಕಚ್ಚಿಕೊಂಡು ಪ್ರಾಂಪ್ಟು ಮಾಡಲು ಬರುವುದಿಲ್ಲವೆಂಬುದು ಮಾತ್ರ ಖಚಿತವಿತ್ತು.

ಶನಿವಾರ ಸಂಜೆ ಐದಕ್ಕೆ ಎಲ್ಲರೂ ಸೊಸೈಟಿ ಸಭಾಂಗಣದಲ್ಲಿ ಸೇರಿದರು. ಪರದೆಯ ಬದಲಿಗೆ ಅಲ್ಲಿ ಒಂದು ಬಿಳಿ ಬೋರ್ಡನ್ನು ಅಡ್ಡ ನಿಲ್ಲಿಸಿದ್ದರು; ಅದರ ಈಚೆ ಮುಖದಲ್ಲಿ ನೀರಿನ ಟ್ಯಾಂಕು ತೊಳೆಯುವ ದಿನಾಂಕ, ಆಚೆ ಮುಖದ ಹಿಂದೆ ಪ್ರಿಯಂವದಾ. ಎಲ್ಲ ಸರಿಯಾಗಿ ಹೊರಟಿತು. ಎರಡನೆಯ ದೃಶ್ಯಕ್ಕೆ ಬರುವಾಗ ಜಟ್ಟೆಪ್ಪ ಲಾಠಿ ಕೆಳಗಿಟ್ಟ.

"ಅಲ್ರೀ ಸಾಹೇಬ್ರ, ಮೊನ್ನೆತನ ಅಸಿಡಿಟಿ ಇತ್ತು, ಅದ ನನಗ ತಿಳೀತದ. ಈಗ ಇದೇನೋ ಬ್ಯಾರೆ ಅಂತೀರಿ. ಇದ್ರಾಗ ಏನ ಆಗ್ತದರೀ ಮನಶ್ಯಾಗ?"

ಅಭ್ಯಾಸ ಅಲ್ಲಿಗೇ ನಿಂತು ಚರ್ಚೆ ಶುರುವಾಯಿತು. ಕಣ್ಣಿಗೆ ಕಣ್ಣು ಕೊಡುವುದಿಲ್ಲ, ಹೇಳಿದ್ದನ್ನೇ ಹತ್ತು ಸಲ ಹೇಳುತ್ತಾರೆ, ಬೇರೆಯವರು ಹೇಳುವುದು ಕಿವಿಗೇ ಬೀಳುವುದಿಲ್ಲ ಎಂದು ದೇವದಾಸಣ್ಣ ಹೇಳಿದ. ಹಂಗಾದರ ನಮ್ಮ ಸೊಸೈಟಿ ಸೆಕ್ರೆಟರಿಗೂ ಅದ ಐತಿ ಎಂದ ಜಟ್ಟೆಪ್ಪ. ಡಾಕ್ಟರನ ಪಾತ್ರದವನು ತನಗೂ ಸ್ವಲ್ಪ ಇರಬೇಕು, ದಿನಾ ಲೋಕಲ್ ರೈಲಿನ ಮೂರನೆಯ ಡಬ್ಬಿಗೇ ಹತ್ತುತ್ತೇನೆ ಅಂದ. ಅವನಿಗಿಂತ ತಾನೇನು ಕಮ್ಮಿ ಎಂಬಂತೆ ದೇವದಾಸಣ್ಣ, ತನಗೆ ಸ್ಟೀಲ್ ಲೋಟದ ಹೊರತು ಬೇರೆ ಯಾವುದರಲ್ಲೂ ಚಹಾ ಇಳಿಯುವುದಿಲ್ಲವೆಂದು ಒಪ್ಪಿಕೊಂಡ. ಲತೀಶನಿಗೆ ಹೇಳಿಕೊಳ್ಳಲು ಏನೂ ಇಲ್ಲದೆ ಬೇಸರವಾಯಿತು. ಐದು ನಿಮಿಷದಲ್ಲಿ ಆ ಸಭಾಂಗಣದಲ್ಲಿ ಆಟಿಸಂ ಇಲ್ಲದವರು ಅವನೊಬ್ಬನೇ ಎಂದಾಯಿತು, ಮತ್ತು ಬೋರ್ಡಿನ ಹಿಂದಿದ್ದವಳನ್ನು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ.

"ಅಂಥವ್ರನ್ನ ಖರೇನ ನೋಡೀರೇನ್ರಿ, ನೀವ್ ಯಾರರೆ?" ಎಂದು ಜಟ್ಟೆಪ್ಪ ಕೇಳಿದ.

ಯಾರೂ ನೋಡಿರಲಿಲ್ಲ. ಜಯಲತಾ ಬಳೆ ತಿರುಗಿಸಿಕೊಳ್ಳುತ್ತಿದ್ದಳು.

ದೇವದಾಸಣ್ಣ ಚಪ್ಪಾಳೆ ತಟ್ಟಿ, ಇನ್ನು ಟೈಮ್ ವೇಸ್ಟು ಬೇಡ, ಅತ್ತೆಯ ದೊಡ್ಡ ಮಾತಿನಿಂದ ಚಾಲು ಮಾಡಿ ಎಂದ. ಲತೀಶ ಮೂಲೆಯಲ್ಲಿ ಕೂತು, ಕಣ್ಣು ಮೇಲಕ್ಕೆ ಮಾಡಿ, ಕುತ್ತಿಗೆ ಸೊಟ್ಟ ಮಾಡಿ, ಬೆರಳು ಕುಣಿಸಿದ. ಜನ ನಕ್ಕರು. ಜಯಲತಾ ನಡುವಿಗೆ ಸೆರಗು ಸಿಕ್ಕಿಸಿ ಎದುರು ಬಂದು ನಿಂತಳು. ಪ್ರಿಯಂವದಾಳ ಕೈಯಲ್ಲಿದ್ದ ಹಾಳೆಯಲ್ಲಿ ಅತ್ತೆಯ ಮಾತು ಹೀಗಿತ್ತು: ಇಂಥದ್ದನ್ನು ಹೆತ್ತವಳು ಊರಿಗೆ ಯಾವ ಮುಖ ತೋರಿಸುತ್ತಾಳೆ?

ಆ ಸಾಲನ್ನು ಅವಳು ಟೈಪು ಮಾಡುವಾಗಲೂ ಓದಿದ್ದಳು. ಅಮ್ಮ ಕೊತ್ತಂಬರಿ ಬಿಡಿಸುತ್ತ ಒಪ್ಪಿಸಿದಾಗಲೂ ಕೇಳಿದ್ದಳು. ಆದರೆ ಅದನ್ನು ಈಗ ತಾನು ಅಮ್ಮನಿಗೆ ಹೇಳಿಕೊಡಬೇಕು. ತುಟಿ ತೆರೆದಳು. ದನಿ ಬರಲಿಲ್ಲ.

ಪ್ರಾಂಪ್ಟರು ಸುಮ್ಮನಾದರೆ ಕಡಲತೀರ ಕಲಾವೃಂದದಲ್ಲಿ ಲೈಟು ಹೋದಂತೆ. ಲತೀಶ ಸೊಟ್ಟ ಕುತ್ತಿಗೆಯಲ್ಲೇ ಬೋರ್ಡಿನ ಕಡೆ ವಾಲಿ ಕಾದ. ಡಾಕ್ಟರು ಸ್ಟೆತಾಸ್ಕೋಪನ್ನು ಕಿವಿಗಿಟ್ಟುಕೊಂಡು ಕಾದ. ಫ್ಯಾನು ಕಟಕಟ ಅನ್ನುತ್ತಿತ್ತು.

"ಜಯಕ್ಕ, ನಿಮಗೆ ಬರ್ತದಲ್ಲ, ಹೇಳಿಬಿಡಿ," ಎಂದ ದೇವದಾಸಣ್ಣ.

ಜಯಲತಾ ಬೋರ್ಡಿನ ಕೆಳಗೆ ಕಾಣುತ್ತಿದ್ದ ಮಗಳ ಎರಡು ಪಾದಗಳನ್ನು ನೋಡಿದಳು. ಅವು ಒಂದರ ಮೇಲೊಂದು ಏರಿ ಕೂತಿದ್ದವು.

"ನನಗೆ ನೆನಪಿಲ್ಲ," ಅಂದಳು.

ಇಡೀ ನಾಟಕವನ್ನು ಹಿಂದಿನಿಂದ ಮುಂದಕ್ಕೂ ಒಪ್ಪಿಸಬಲ್ಲ ಅಮ್ಮ ಸುಳ್ಳು ಹೇಳುತ್ತಿದ್ದಾಳೆಂದು ಪ್ರಿಯಂವದಾಳಿಗೆ ಗೊತ್ತಾಯಿತು. ಯಾಕೆಂದೂ ಗೊತ್ತಾಯಿತು. ಹಾಳೆ ಮಡಿಸಿ, ಬೋರ್ಡಿನ ಹಿಂದಿನಿಂದಲೇ, ಪ್ರತಿ ಮಾತನ್ನೂ ಹೇಳಿಕೊಡುವ ಅದೇ ಸಣ್ಣ ದನಿಯಲ್ಲಿ ಹೇಳಿದಳು.

"ನನಗೆ ಆಟಿಸಂ ಇದೆ."

ಮಾತು ಸಿಕ್ಕಿದ್ದೇ ತಡ, ಲತೀಶ ಚಿಗುರಿದ. ಮೂಲೆಯಿಂದ ಎದ್ದು, ಎರಡೂ ಕೈ ಚಾಚಿ, ಕೊನೆಯ ಸಾಲಿನಲ್ಲಿ ಕೂತವರಿಗೂ ಕೇಳುವಂತೆ, "ನನಗೆ ಆಟಿಸಂ ಇದೆ!" ಎಂದು ಮೊಳಗಿದ. ಜಟ್ಟೆಪ್ಪ ಚಪ್ಪಾಳೆ ತಟ್ಟಿದ.

ದೇವದಾಸಣ್ಣ ತನ್ನ ಪ್ರತಿಯನ್ನು ತಿರುವಿ ಹಾಕುತ್ತ, ಇದು ಯಾವ ಪುಟ, ಇದು ನಾನು ಬರೆದದ್ದೇ ಅಲ್ಲವಲ್ಲ, ಮತ್ತೆ ಆ ಮೊಬೈಲಿನ ಕರಾಮತ್ತಾ ಎಂದು ಗೊಣಗಿದ. ಲತೀಶ ಕೈ ಚಾಚಿಕೊಂಡೇ ಮುಂದಿನ ಸಾಲಿಗೆ ಕಿವಿ ಕೊಟ್ಟು ನಿಂತಿದ್ದ. ಈಗ ಸುಮ್ಮನಿದ್ದರೂ ಆಗುತ್ತಿತ್ತು. ಮೊಬೈಲಿನ ತಲೆಗೇ ಇದನ್ನೂ ಕಟ್ಟಿ, ಹೂಂ ಅಂದುಬಿಟ್ಟಿದ್ದರೆ ನಾಟಕ ಮುಂದೆ ಹೋಗುತ್ತಿತ್ತು, ರಿಪೋರ್ಟು ಕಪಾಟಿನಲ್ಲಿ ಬೆಚ್ಚಗಿರುತ್ತಿತ್ತು.

ಸ್ಟೂಲು ಕಿರ್ರೆಂದಿತು. ಪ್ರಿಯಂವದಾ ಬೋರ್ಡಿನ ಈಚೆಗೆ ಬಂದಳು. ಕಲಾವೃಂದದಲ್ಲಿ ಮೂರು ವರ್ಷ ಕಳೆದಿದ್ದರೂ ಅಭ್ಯಾಸದ ನಡುವೆ ಅವಳನ್ನು ಪೂರ್ತಿಯಾಗಿ ನೋಡಿದ್ದು ಎಲ್ಲರಿಗೂ ಅದೇ ಮೊದಲು. ಅವಳು ಯಾರ ಕಣ್ಣನ್ನೂ ನೋಡಲಿಲ್ಲ, ನೋಡುವ ಪ್ರಯತ್ನವನ್ನೂ ಮಾಡಲಿಲ್ಲ. ಲತೀಶನ ಅಂಗಿಯ ಎರಡನೆಯ ಗುಂಡಿಯನ್ನು ನೋಡಿದಳು. ದನಿ ತಾನೆಣಿಸಿದ್ದಕ್ಕಿಂತ ದೊಡ್ಡದಾಗಿಯೇ ಬಂತು.

"ಇದನ್ನು ನೀವು ಹೇಳುವುದಲ್ಲ ಲತೀಶಣ್ಣ. ಆಟಿಸಂ ಇರುವುದು ನನಗೆ."